ನನ್ನ ಷಡ್ಡಕನ ಮಗ್ಗ ಮತ್ತು ಅಮೆರಿಕದ ಬಡ್ಡಿ

ತಮಗೆ ಹೊಟ್ಟೆಕಿಚ್ಚೇ ಇಲ್ಲ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನ್ನದು ಬೆಳಿಗ್ಗೆ ಹಲ್ಲುಜ್ಜುವಾಗಲೇ ಶುರುವಾಗುತ್ತದೆ. ಅದು ಹೊಸ ಕಾರು ಕೊಂಡ ಸಹೋದ್ಯೋಗಿಯ ಮೇಲೋ, ಮಹಡಿ ಕಟ್ಟಿಸಿದ ಪಕ್ಕದ ಮನೆಯವರ ಮೇಲೋ ಆಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ನನಗಿರುವುದು ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ ಓಬಳೇಶನ ಮೇಲೆ. ಅದೂ ಎಂಥ ಕಾರಣಕ್ಕೆ ಅಂತೀರಿ? ಅವನಿಗೆ ಜಗತ್ತಿನ ಹಣಕಾಸು ಅರ್ಥವಾಗುತ್ತದೆ ಎಂಬ ಕಾರಣಕ್ಕೆ.

ನಾನು ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕ. ಅಮೆರಿಕದ ದೊಡ್ಡ ಬ್ಯಾಂಕು, ಅಂದರೆ ಅಲ್ಲಿನ ಕೇಂದ್ರ ಬ್ಯಾಂಕು, ಬಡ್ಡಿ ಏರಿಸಿದರೆ ಜಗತ್ತಿನ ದುಡ್ಡೆಲ್ಲ ಹೇಗೆ ಆ ಕಡೆ ಓಡುತ್ತದೆ, ಡಾಲರ್ ಹೇಗೆ ಬಲಿಯುತ್ತದೆ, ಬಂಗಾರ ಯಾಕೆ ಇಳಿಯುತ್ತದೆ ಎಂದು ಬೋರ್ಡಿನ ಮೇಲೆ ಬಾಣಗಳನ್ನು ಹಾಕಿ ಹಾಕಿ ನನ್ನ ಅಂಗಿಯ ತೋಳು ಯಾವಾಗಲೂ ಬೆಳ್ಳಗಿರುತ್ತದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಗಿರಣಿಯ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ಕಿಟಕಿಯೊಳಗೆ ಬರುತ್ತದೆ. ಆಮೇಲೆ ಮಕ್ಕಳ ಮನಸ್ಸು ಡಾಲರಿನ ಮೇಲೆ ನಿಲ್ಲುವುದಿಲ್ಲ, ಬುತ್ತಿಯ ಮೇಲೆ ನಿಲ್ಲುತ್ತದೆ. ಸುಳ್ಳೇಕೆ ಹೇಳಲಿ, ನನ್ನದೂ ಅಷ್ಟೇ.

ಅದಕ್ಕೇ ನಾನು ಮಾವನ ಮನೆಯವರ ವಾಟ್ಸಾಪ್ ಗುಂಪನ್ನು ಹಿಡಿದುಕೊಂಡೆ. ಪ್ರತಿ ಭಾನುವಾರ ಬೆಳಿಗ್ಗೆ ‘ಆತ್ಮೀಯ ಬಂಧುಗಳೇ’ ಎಂದು ಶುರುಮಾಡಿ, ವಾರದ ಜಾಗತಿಕ ಹಣಕಾಸಿನ ಬಗ್ಗೆ ಹತ್ತು ನಿಮಿಷ ಮಾತಾಡಿ ಕಳಿಸುತ್ತೇನೆ. ಕೇಳುವವರು ಯಾರೂ ಇಲ್ಲವೆಂದು ಗೊತ್ತು. ಓಬಳೇಶನೊಬ್ಬ ತಪ್ಪದೆ ಕೈಮುಗಿಯುವ ಚಿತ್ರ ಹಾಕುತ್ತಾನೆ. ಅವನು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವನು. ಹತ್ತನೇ ತರಗತಿಯ ಗಣಿತವನ್ನು ಎರಡು ಸಲ ಬರೆದು, ಮೂರನೇ ಸಲ ಬೇಡವೆಂದು ಮಗ್ಗದ ಕುಣಿಗೆ ಇಳಿದವನು. ಪಾಪ, ಅರ್ಥವಾಗದಿದ್ದರೂ ಮರ್ಯಾದೆ ಕೊಡುತ್ತಾನಲ್ಲ ಎಂದು ಅವನ ಮೇಲೆ ನನಗೆ ಕನಿಕರವಿತ್ತು. ಆ ಕನಿಕರ ಎಷ್ಟು ಸುಖವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಬಿ.ಜಿ. ಕೆರೆಯ ಅತ್ತೆಯ ಮನೆಯಲ್ಲಿ ಕೊನೆಯ ಮಗಳ ಮದುವೆ ಗೊತ್ತಾಯಿತು. ಬಂಗಾರದ ಸರ ಈಗಲೇ ತರುವುದೋ, ಎರಡು ತಿಂಗಳು ಕಾಯುವುದೋ ಎಂದು ಮಾತು ಬಂತು. ನಾನು ಹಿರಿಯ ಅಳಿಯ. ಇಂಥ ವಿಷಯದಲ್ಲಿ ಮೊದಲ ಮಾತೂ ಕೊನೆಯ ಮಾತೂ ನನ್ನದೇ ಎಂಬುದು ಆ ಮನೆಯ ಪದ್ಧತಿ. ಅದು ಬಿಟ್ಟರೆ ಆ ಮನೆಯಲ್ಲಿ ನನಗೆ ಬೇರೆ ಬಂಡವಾಳವಿಲ್ಲ. ಹಾಗಾಗಿ ಊಟದ ಎಲೆಯ ಮುಂದೆಯೇ ಅಮೆರಿಕದ ಬಡ್ಡಿಯಿಂದ ಶುರುಮಾಡಿ, ಹೋಳಿಗೆ ಬರುವಷ್ಟರಲ್ಲಿ ಬಂಗಾರ ಇಳಿಯುತ್ತದೆ, ಕಾಯಿರಿ ಎಂದು ತೀರ್ಪು ಕೊಟ್ಟೆ.

ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದರು. ಆಮೇಲೆ ಆ ಕಡೆ ತಿರುಗಿದರು. “ಮೇಷ್ಟ್ರು ಹೇಳಿದ್ದು ಕೇಳಿದ್ವಿ. ಓಬಳೇಶಪ್ಪಾರೇ, ನೀವೇನಂತೀರಿ?”

ಓಬಳೇಶ ಬಾಯಲ್ಲಿದ್ದ ಹೋಳಿಗೆ ನುಂಗಿ, “ತಗಂಬಿಡ್ರಿ ಅತ್ತೆ, ಈ ವಾರಾನೇ,” ಅಂದ. ಅಷ್ಟೇ. ಒಂದು ಬಾಣವಿಲ್ಲ, ಕಾರಣವಿಲ್ಲ.

ಆ ವಾರವೇ ಸರ ಬಂತು. ಮುಂದಿನ ತಿಂಗಳು ಬಂಗಾರ ಏರಿತು. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ನನ್ನ ಹೆಂಡತಿ ಸರೋಜ ಒಗ್ಗರಣೆ ಹಾಕುತ್ತಾ, “ನಿಮ್ಮ ಮಾತು ಕೇಳಿದ್ದಿದ್ರೆ ಅವ್ವನ ಕೈಲಿ ಅರ್ಧ ಸರ ಬರ್ತಿತ್ತು ನೋಡ್ರಿ,” ಅಂದಳು. ಅಂದು ನನಗೆ ಅನ್ನ ಸೇರಲಿಲ್ಲ. ನಾನು ಓದಿದ್ದು ಅರ್ಥಶಾಸ್ತ್ರ, ಹೆಸರು ಬಂದದ್ದು ಅವನಿಗೆ! ಖಂಡಿತ ಅವನಿಗೆ ಯಾರೋ ಗುಟ್ಟು ಹೇಳಿಕೊಡುತ್ತಿದ್ದಾರೆ ಅನ್ನಿಸಿತು. ಯಾರೆಂದು ತಿಳಿಯದೆ ಸಮಾಧಾನವಿಲ್ಲ.

ಕಾಲೇಜಿಗೆ ರಜೆ ಇದ್ದ ಒಂದು ದಿನ, ಸರೋಜಳಿಗೆ ಮದುವೆ ಸೀರೆ ಹೇಳಿಬರುವ ನೆಪ ಮಾಡಿಕೊಂಡು ಮೊಳಕಾಲ್ಮುರಿನ ಬಸ್ಸು ಹತ್ತಿದೆ. ಓಬಳೇಶನ ಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಒಳಗಿಂದ ಯಾರೋ ದೊಡ್ಡ ಗಂಟಲಲ್ಲಿ ಡಾಲರಿನ ಬಗ್ಗೆ ಭಾಷಣ ಮಾಡುತ್ತಿದ್ದರು. ಸಿಕ್ಕಿಬಿದ್ದ ಕಳ್ಳ ಎಂದುಕೊಂಡು ಬಗ್ಗಿ ನೋಡಿದರೆ, ಮಗ್ಗದ ಮೇಲೆ ಒರಗಿಸಿಟ್ಟ ಮೊಬೈಲಿನಲ್ಲಿ ಮಾತಾಡುತ್ತಿದ್ದವನು ನಾನೇ. ಓಬಳೇಶ ಲಾಳಿ ಎಸೆಯುತ್ತಾ ತನ್ಮಯನಾಗಿ ಕೇಳುತ್ತಿದ್ದ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಬರ್ರಿ ಅಣ್ಣಾ, ನಿಮ್ದೇ ಕೇಳ್ತಿದ್ದೆ. ಒಂದು ವಾರನೂ ಬಿಟ್ಟಿಲ್ಲ,” ಅಂದ.

ಅವನ ಪಕ್ಕದ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಬಾಣಗಳಿದ್ದವು. ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ. ಥೇಟ್ ನನ್ನ ಬೋರ್ಡು. ಇದೇನಪ್ಪಾ ಎಂದು ಕೇಳಿದೆ.

“ಈ ಕಡೇದು ಬಂಗಾರ ಏನಾಗ್ತೈತೆ ಅಂತ ನೀವು ಹೇಳಿದ್ದು ಅಣ್ಣಾ. ಆ ಕಡೇದು ಆಮೇಲೆ ಜರಿ ರೇಟು ಏನಾತು ಅಂಬೋದು. ಜರಿ ಬಂಗಾರದ ಹಿಂದೇನೇ ಹೋಗಾದಲ್ಲ.” ತಲೆ ಕೆರೆದುಕೊಂಡ. “ನೀವು ಬೇಜಾರು ಮಾಡ್ಕೋಬಾರ್ದು.”

ನೋಡಿದೆ. ಈ ಕಡೆ ಬಾಣ ಕೆಳಗಿದ್ದಲ್ಲೆಲ್ಲ ಆ ಕಡೆ ಮೇಲಿತ್ತು. ಮೇಲಿದ್ದಲ್ಲಿ ಕೆಳಗಿತ್ತು. ಒಂದೇ ಒಂದು ಕಡೆ ಎರಡೂ ಒಂದೇ ದಿಕ್ಕಿಗಿದ್ದವು. “ಅದೊಂದು ದಪ ನಂಗೆ ಭಾಳ ಲಾಸಾತು,” ಅಂದ ಓಬಳೇಶ.

“ನೀವು ಹೇಳಾದು ಸುಳ್ಳಲ್ಲ ಅಣ್ಣಾ,” ಎಂದು ಅವನೇ ಸಮಾಧಾನ ಮಾಡಿದ. “ಅಮೆರಿಕದಾಗೆ ಬಂಗಾರ ಇಳೀತೈತೆ, ಖರೇನೇ. ಆದ್ರೆ ದುಡ್ಡೆಲ್ಲ ಆ ಕಡೆ ಹೋದ್ರೆ ನಮ್ಮ ರೂಪಾಯಿ ಅದಕ್ಕಿಂತ ಜಾಸ್ತಿ ಇಳೀತೈತಲ್ಲ? ನಾನು ಜರಿ ತರಾದು ರೂಪಾಯಿ ಕೊಟ್ಟು. ನೀವು ಅಲ್ಲೀತನ ಕರಕೊಂಡು ಹೋಗ್ತೀರಿ, ವಾಪಸ್ ಊರಿಗೆ ಕರಕೊಂಡು ಬರಾದು ಮರೀತೀರಿ.”

ಇಷ್ಟು ವರ್ಷ ಬೋರ್ಡಿನ ಮೇಲೆ ಹಾಕಿದ ಬಾಣಗಳಲ್ಲಿ ಕೊನೆಯದೊಂದು ಕಡಿಮೆ ಇತ್ತು ಎಂದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನಿಂದ ಕಲಿತೆ. ಗುಟ್ಟು ಹೇಳಿಕೊಡುತ್ತಿದ್ದವನೂ ನಾನೇ, ಹೊಟ್ಟೆ ಉರಿದುಕೊಂಡವನೂ ನಾನೇ. ಸೀರೆ ಹೇಳುವುದನ್ನು ಮರೆತು ಬಂದೆ, ಅದಕ್ಕೆ ಸರೋಜಳಿಂದ ಬೇರೆ ಪೂಜೆಯಾಯಿತು.

ಸಿಟ್ಟಿಗೆ ಆ ಭಾನುವಾರ ಭಾಷಣ ಕಳಿಸಲಿಲ್ಲ. ಒಂಬತ್ತಕ್ಕೆ ಅತ್ತೆಯ ಫೋನು ಬಂತು. “ಯಾಕ್ರಿ ಮೇಷ್ಟ್ರೇ, ಇನ್ನೂ ಹಾಕಿಲ್ಲ? ಎಲ್ರೂ ಕಾಯ್ತಾ ಕುಂತೀವಿ. ಓಲೆ ತಗಬೇಕು. ಬಂಗಾರ ಏನಾಗ್ತೈತೆ?”

ನನ್ನ ಎದೆ ಉಬ್ಬಿತು. ಈ ಸಲ ಕೊನೆಯ ಬಾಣವನ್ನೂ ಲೆಕ್ಕಕ್ಕೆ ಹಿಡಿದು, ಅಳೆದು ಸುರಿದು, “ಇಳಿಯುತ್ತದೆ ಅತ್ತೆ, ಕಾಯಿರಿ,” ಅಂದೆ. ಫೋನು ಇಡುವ ಮೊದಲೇ ಅವರ ದನಿ ಕೇಳಿಸಿತು: “ಲೇ, ಬೇಗ ರೆಡಿಯಾಗ್ರೇ! ಇವತ್ತೇ ಹೋಗಿ ತರಾಣ!” ಕಂಬದ ಬಾಣಗಳು ಬಿ.ಜಿ. ಕೆರೆಯನ್ನೂ ಮುಟ್ಟಿದ್ದವು.

ಅಮೆರಿಕದ ಆ ದೊಡ್ಡ ಬ್ಯಾಂಕಿನ ಅಧ್ಯಕ್ಷ ಬಾಯಿ ತೆರೆದರೆ ಜಗತ್ತಿನ ಪೇಟೆಗಳೆಲ್ಲ ಅಲುಗುತ್ತವೆಯಂತೆ. ನಾನು ಬಾಯಿ ತೆರೆದರೆ ಬಿ.ಜಿ. ಕೆರೆಯಿಂದ ಒಂದು ಕುಟುಂಬವೇ ಬಸ್ಸು ಹತ್ತುತ್ತದೆ. ನಮ್ಮಿಬ್ಬರಿಗೂ ಅಂಥ ವ್ಯತ್ಯಾಸವೇನಿಲ್ಲ. ಆದರೆ ಆತನ ಮಾತನ್ನು ಕಂಬದ ಮೇಲೆ ಬರೆದಿಡುವ ಷಡ್ಡಕನೊಬ್ಬ ಆತನಿಗೆ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಇಲ್ಲದಿದ್ದರೆ, ಇವತ್ತಿನಿಂದ ಆತನ ಮೇಲೂ ನನಗೆ ಹೊಟ್ಟೆಕಿಚ್ಚು.