ತಲೆ ಎತ್ತದವರ ಚಿತ್ರ

ಎಲ್ಲಕ್ಕೂ ಕಾರಣ ಒಂದು ಚಿಟಿಕೆ ಚಿನ್ನದ ಪುಡಿ. ಅರದಲ್ಲಿ ಉಜ್ಜುವಾಗ ಉದುರುವ ಈ ಪುಡಿ ಹತ್ತಿದ ಚಾಪೆ, ಬಟ್ಟೆ, ಕಾಗದ ಯಾವುದನ್ನೂ ಅಕ್ಕಸಾಲಿಗರು ಬಿಸಾಡುವುದಿಲ್ಲ. ಒಲೆಗೆ ಹಾಕಿ ಸುಟ್ಟು, ಬೂದಿ ತೊಳೆದು, ಚಿನ್ನ ಹಿಂದಕ್ಕೆ ಪಡೆಯುತ್ತಾರೆ. ಚಿನ್ನ ಧಣಿಗೆ, ಹೊಗೆ ಇವರಿಗೆ.

ಆ ಬೆಳಿಗ್ಗೆ ಧಣಿ ಒಡವೆ ಅಂಗಡಿಯ ಹಿಂದಿನ ಕೋಣೆಗೆ ಬಂದು ಇಕ್ಕಳನ ಕೈಗೆ ಒಂದು ಹಳೆಯ ಅಚ್ಚಿನ ಚಿತ್ರವನ್ನೂ ಗಾಜಿನ ಚೌಕಟ್ಟನ್ನೂ ಕೊಟ್ಟರು. ಕಾಲೆರಡೂ ಹೊರಕ್ಕೆ ಬಾಗಿದ್ದರಿಂದ ಅವನು ಇಕ್ಕಳ. ಹೆತ್ತವರು ಇಟ್ಟ ಹೆಸರನ್ನು ಧಣಿ ಯಾವತ್ತೂ ಕೇಳಿರಲಿಲ್ಲ. ಚಿತ್ರದಲ್ಲಿ ಯಾವುದೋ ಶತಮಾನದ ಅಕ್ಕಸಾಲಿಗರು: ಒಬ್ಬ ಊದುಗೊಳವೆ ಕಚ್ಚಿದ್ದಾನೆ, ಒಬ್ಬ ಸುತ್ತಿಗೆ ಎತ್ತಿದ್ದಾನೆ, ಇನ್ನೊಬ್ಬ ಒಲೆಗೆ ಗಾಳಿಯೂದುವ ತಿದಿ ಒತ್ತುತ್ತಿದ್ದಾನೆ.

"ನೋಡು, ತಲೆ ಎತ್ತಿದವನು ಒಬ್ಬನೂ ಇಲ್ಲ. ಕೆಲಸ ಅಂದ್ರೆ ಅದು," ಎಂದರು ಧಣಿ. "ಸಂಜೆ ಬೀಗರು ಮೊದಲನೇ ಸಲ ಅಂಗಡಿ ನೋಡೋಕೆ ಬರ್ತಿದ್ದಾರೆ. ಗೋಡೇಲಿ ನೀವು ಅಂಗಡಿಗೆ ಒಡವೆ ಕೊಡೋ ಕಿಂಡಿ ಇದ್ಯಲ್ಲ, ಅದನ್ನ ಮುಚ್ಚೋ ಹಾಗೆ ಇದನ್ನ ತೂಗುಹಾಕು. ನಿಮ್ಮ ಮಸಿ ಮುಖ ಅವರಿಗೆ ಕಾಣಬಾರದು. ಚಿತ್ರಕ್ಕೆ ಏನಾದ್ರೂ ಆಯ್ತೋ, ನಿನ್ನ ಮಣೆ ಎತ್ಕೊಂಡು ಹೊರಡು."

ಈ ಮಣೆ ಬಿಟ್ಟರೆ ಇಕ್ಕಳನಿಗೆ ಇನ್ನೊಂದು ಮಣೆ ಇರಲಿಲ್ಲ. ಊರಿನ ಉಳಿದ ಅಂಗಡಿಗಳೆಲ್ಲ ಆಗಲೇ ಯಂತ್ರ ತಂದಿದ್ದವು. ಅವನು ಚಿತ್ರವನ್ನು ತನ್ನ ಮಣೆಯ ಮೇಲೆ ಹಾಸಿಟ್ಟು ಮೊಳೆ ಹುಡುಕಲು ಹೋದ. ಬಂದು ನೋಡಿದರೆ ಮಣೆ ಖಾಲಿ.

"ಅಕ್ಕಾ, ಇಲ್ಲೊಂದು ಕಾಗದ ಇತ್ತಲ್ಲ?"

ಒಡವೆಗಳಿಗೆ ಹೊಳಪು ಕೊಡುವ ಅಕ್ಕ ಒಲೆಯಿಂದ ಮುಖ ತಿರುಗಿಸಲಿಲ್ಲ. "ಪುಡಿ ಹತ್ತಿತ್ತು. ಸುಟ್ಟೆ."

"ಅದು ಧಣಿ ಚಿತ್ರ ಕಣಕ್ಕ."

"ಯಾರ ಚಿತ್ರ ಆದ್ರೇನು, ಪುಡಿ ಹತ್ತಿತ್ತಲ್ಲ," ಎಂದವಳ ಕೈ ಅಲ್ಲಿಗೇ ನಿಂತಿತು.

ಇಕ್ಕಳ ಗಾಳಿ ಹೋದ ತಿದಿಯಂತೆ ಕುಸಿದ. ಬಳೆ ಬಡಿಯುತ್ತಿದ್ದ ಮುದುಕ, ಎಲ್ಲರಿಗೂ ದೊಡ್ಡಪ್ಪ, ಸಮಾಧಾನ ಹೇಳಿದ: "ಬೂದಿ ತೊಳೆದ್ರೆ ಚಿನ್ನ ಸಿಗುತ್ತೆ ಮಗಾ. ಚಿತ್ರ ಸಿಗಲ್ಲ."

"ಗೋಡೆ ಮೇಲಿನ ಕ್ಯಾಲೆಂಡರ್ ಹರಿದು ಹಾಕೋಣ," ಎಂದಳು ಅಕ್ಕ. ಹಾಕಿದರು. ಚೌಕಟ್ಟಿನೊಳಗೆ ಒಂದು ದುಂಡು ಮಗು ಕುಳಿತು ಬೊಚ್ಚು ಬಾಯಿ ಬಿಟ್ಟು ನಕ್ಕಿತು. ತೆಗೆದರು. ಇಕ್ಕಳ ಇದ್ದಿಲು ಹಿಡಿದು ತಾನೇ ಬರೆಯಲು ಹೋದ. ಅವನು ಬರೆದ ಅಕ್ಕಸಾಲಿಗ ಕೊಡೆಯ ಮೇಲೆ ಕುಳಿತ ಕೋಳಿಯಂತಿದ್ದ. ಅಷ್ಟರಲ್ಲಿ ಬಿಸಿಲು ಇಳಿಯಿತು, ಹೊರಗೆ ಕಾರು ನಿಂತಿತು.

"ಇಕ್ಕಳ, ಹಾಕಿದ್ಯಾ?" ಧಣಿಯ ಧ್ವನಿ.

"ಹಾಕ್ತಿದೀನಿ ಧಣಿ."

ಇಕ್ಕಳ ಅಂಗಡಿ ಕಡೆಗೆ ಹೋಗಿ ಖಾಲಿ ಚೌಕಟ್ಟನ್ನೇ ಕಿಂಡಿಗೆ ತೂಗುಹಾಕಿದ. ಹಾಕಿ ನೋಡಿದರೆ ಗಾಜಿನೊಳಗೆ ಮಂಕು ದೀಪ, ಹೊಗೆ, ಕತ್ತು ಬಗ್ಗಿಸಿ ಸುತ್ತಿಗೆ ಎತ್ತಿದ ದೊಡ್ಡಪ್ಪ. ಸುಟ್ಟುಹೋದ ಚಿತ್ರವೇ. ಅಷ್ಟು ಶತಮಾನ ಕಳೆದರೂ ಅಕ್ಕಸಾಲಿಗನ ಬೆನ್ನು ಒಂದಿಂಚೂ ನೆಟ್ಟಗಾಗಿರಲಿಲ್ಲ.

ಇಕ್ಕಳ ಒಳಗೆ ಓಡಿದ. ಹಳೆಯ ಅಚ್ಚಿನಂತೆ ಕಾಣಲೆಂದು ಅಕ್ಕ ಎಣ್ಣೆಯಲ್ಲಿ ಮಸಿ ಕಲಸಿ ಗಾಜಿಗೆ ಒಳಗಿನಿಂದ ತೆಳ್ಳಗೆ ಸವರಿದಳು, ತಲೆಗೆ ಟವೆಲ್ ಸುತ್ತಿ ಗಂಡಸಾಗಿ ತಿದಿಯ ಮುಂದೆ ಕುಳಿತಳು. ಇಕ್ಕಳ ಊದುಗೊಳವೆ ಕಚ್ಚಿ ಕೆನ್ನೆ ಉಬ್ಬಿಸಿದ. "ಯಾರೂ ಉಸಿರಾಡಬೇಡಿ," ಎಂದ ದೊಡ್ಡಪ್ಪ. ಅವನಿಗೆ ದಮ್ಮಿನ ಕಾಯಿಲೆ.

ಬೀಗರು ಗಾಜಿನ ಮುಂದೆ ಬಂದು ನಿಂತರು. "ಆಹಾ, ಕೆನ್ನೆ ನೋಡಿ ಬೀಗರೇ, ಈಗ ಊದಿಬಿಡ್ತಾನೇನೋ."

"ಹಳೇ ಕಾಲದವರು," ಧಣಿ ಎದೆಯುಬ್ಬಿಸಿದರು. "ತಲೆ ಎತ್ತಿದವನು ಒಬ್ಬನೂ ಇಲ್ಲ. ಈಗಿನವರು ಎರಡು ಸಲ ಸುತ್ತಿಗೆ ಎತ್ತಿದ್ರೆ ಮೂರನೇ ಸಲ ಬಾಯಿ ಎತ್ತುತ್ತಾರೆ."

ಒಲೆಯಿಂದ ಒಂದು ಕಿಡಿ ಸಿಡಿದು ಇಕ್ಕಳನ ಹೆಬ್ಬೆರಳ ಮೇಲೆ ಕುಳಿತಿತು. ಚರ್ಮ ಚುರುಗುಟ್ಟಿತು. ಅವನು ಕದಲಲಿಲ್ಲ. ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿಯಿತು.

"ಏನೋ ಹನಿ ಜಾರಿದ ಹಾಗಾಯ್ತು," ಎಂದರು ಬೀಗರು.

"ಗಾಜಿನ ಮೇಲಿನ ತೇವ ಇರಬೇಕು." ಧಣಿ ಕರ್ಚೀಫು ತೆಗೆದು ಗಾಜು ಒರೆಸತೊಡಗಿದರು. ಮುಖಕ್ಕೆ ಮುಖ. ನಡುವೆ ಬರೀ ಒಂದು ಗಾಜು. ಇಕ್ಕಳ ತಲೆ ಎತ್ತದೆ, ಕಣ್ಣು ಮುಚ್ಚಲೂ ಆಗದೆ ಧಣಿಯ ಕಣ್ಣನ್ನೇ ನೋಡಿದ. ತನ್ನ ಕೈಯಿಂದ ಎಷ್ಟೋ ಒಡವೆ ತೆಗೆದುಕೊಂಡ ಕಣ್ಣು ಅದು. ಇವನ ಕೈ ನೋಡಿತ್ತು. ಮುಖವನ್ನು ಈವರೆಗೆ ನೋಡಿರಲಿಲ್ಲ, ಈಗಲೂ ನೋಡಲಿಲ್ಲ. ಧಣಿ ಕರ್ಚೀಫು ಮಡಚಿ ಜೇಬಿಗಿಟ್ಟರು.

ಕಾರು ಹೊರಟ ಸದ್ದು ಕೇಳಿದ ಮೇಲೆ ದೊಡ್ಡಪ್ಪ ಒಂದೇ ಸಮನೆ ಕೆಮ್ಮಿದ. ಇಕ್ಕಳ ಹೆಬ್ಬೆರಳು ಹಿಡಿದುಕೊಂಡು ಅಳುತ್ತಲೋ ನಗುತ್ತಲೋ ಕುಳಿತ. ಮಣೆ ಉಳಿದಿತ್ತು.

ಬಾಗಿಲು ತೆರೆಯಿತು. ಧಣಿಯ ಮುಖ ಬೆಳಗುತ್ತಿತ್ತು.

"ಇಕ್ಕಳ, ಬೀಗರಿಗೆ ಚಿತ್ರ ಭಾರಿ ಹಿಡಿಸಿಬಿಟ್ಟಿದೆ. ಕೊಟ್ಟೆ ಅಂದುಬಿಟ್ಟೆ. ನಾಳೆ ಬೆಳಿಗ್ಗೆ ನೀನೇ ತಗೊಂಡು ಹೋಗಿ ಅವರ ಮನೆ ಗೋಡೆಗೆ ಹಾಕಿ ಬಾ. ಜೋಪಾನ, ಒಂದು ಗೆರೆ ಅಳಿಸಿದ್ರೂ ಮಣೆ ನೆನಪಿರಲಿ."

ಧಣಿ ಹೋದರು. ಅಕ್ಕ ತಲೆಯ ಟವೆಲ್ ಬಿಚ್ಚದೆಯೇ ಕೇಳಿದಳು:

"ಅವರ ಮನೆ ಗೋಡೇಲಿ ಕಿಂಡಿ ಇದ್ಯಂತಾ?"