ಉಗ್ರಾಣದ ಪ್ರವೇಶ ನಿರೋಧ

ಕೊರೊನಾ ವೈರಾಣು ನಮ್ಮ ಔಷಧ ಉಗ್ರಾಣವನ್ನು ಇದುವರೆಗೆ ಒಂದು ಸಲವೂ ಪ್ರವೇಶಿಸಿಲ್ಲ ಎಂದು ಗದಗ-ಬೆಟಗೇರಿಯ ನಾಗರಿಕರಿಗೆ ತಿಳಿಸಲು ಹರ್ಷವಾಗುತ್ತದೆ. ಔಷಧವೂ ಹೊರಗೆ ಬಂದಿಲ್ಲ. ಅದು ಬೇರೆ ಕಡತದ ವಿಷಯ.

ನಡೆದದ್ದಿಷ್ಟು. ವೈರಾಣುವನ್ನು ಜೀವಕೋಶದ ಬಾಗಿಲಲ್ಲೇ ತಡೆಯುವ ಮೂಗಿನ ಹನಿ ನಮಗೆ ಬಂದಿತ್ತು. ತರಬೇತಿ ಕೊಡಲು ಬಂದ ಡಾಕ್ಟರ್ ಅಫ್ರೀನ ಬಹಳ ಚಂದ ತಿಳಿಸಿ ಹೇಳಿದರು: ಜೀವಕೋಶದ ಮೈಮೇಲೆ ಕೀಲಿ ಇದೆ, ವೈರಾಣುವಿನ ಮುಳ್ಳೇ ಅದರ ಕೀಲಿಕೈ, ಔಷಧ ಮೊದಲೇ ಹೋಗಿ ಕೀಲಿಯ ತೂತಿನಲ್ಲಿ ಕೂತರೆ ವೈರಾಣು ಹೊರಗೇ ನಿಲ್ಲಬೇಕು. ಉಗ್ರಾಣ ನೋಡಿಕೊಳ್ಳುವ ಕಳಕಪ್ಪ ಎಲ್ಲವನ್ನೂ ಬರೆದುಕೊಂಡ. ಬರೆದುಕೊಂಡದ್ದನ್ನು ಅನುಷ್ಠಾನಕ್ಕೆ ತರುವ ಪದ್ಧತಿ ನಮ್ಮಲ್ಲಿಲ್ಲ. ಈ ಪುಣ್ಯಾತ್ಮ ತಂದ. ಸಂಜೆ ಔಷಧವನ್ನು ಒಳಗಿಟ್ಟು ಬಾಗಿಲಿಗೆ ಕೀಲಿ ಹಾಕಿ, ಮನೆಯ ಹಳೇ ಪೆಟ್ಟಿಗೆಯ ಕೀಲಿಕೈಯನ್ನು ಉಗ್ರಾಣದ ಕೀಲಿಗೆ ತುರುಕಿ ಲಟಕ್ಕನೆ ಮುರಿದ.

ಮರುದಿನ ಹೊಂಬಳದ ಹುಚ್ಚವ್ವ ಬಾಯಿಗೆ ಸೆರಗು ಕಟ್ಟಿಕೊಂಡು ಬಂದಳು. ಗಂಡ ಪುಂಡಲೀಕಪ್ಪನಿಗೆ ಕೊರೊನಾ, ಮೈ ಕೆಂಡವಾಗಿತ್ತು. ಔಷಧದ ಚೀಟಿಯನ್ನು ಮೇಜಿನ ಮೇಲಿಟ್ಟಳು. ಕೀಲಿ ಒಡೆಯಿರಿ ಎಂದು ಬೇಡಿಕೊಂಡಳು. ನಮ್ಮ ಅಧಿಕಾರಿ ಹೊನ್ನೇಶ ಸಾಹೇಬರು ನಿಯಮ ಓದಿದರು. ಸರ್ಕಾರಿ ಕೀಲಿ ಒಡೆಯುವ ಮುನ್ನ ಒಳಗಿನ ದಾಸ್ತಾನು ಪರಿಶೀಲಿಸತಕ್ಕದ್ದು.

"ಒಳಗ ಹೋಗೂದು ಹ್ಯಾಂಗ್ರಿ?" ಎಂದಳು ಹುಚ್ಚವ್ವ.

"ಅದ ನೋಡವ್ವಾ, ವೈರಾಣುಗೂ ಅದ ತ್ರಾಸ ಆಗೇತಿ" ಎಂದರು ಸಾಹೇಬರು. ನಮಗೆಲ್ಲ ಹೆಮ್ಮೆಯಾಯಿತು.

ಹನ್ನೆರಡು ದಿನ ಅವಳು ಬಸ್ಸಿನಲ್ಲಿ ಬಂದಳು, ಹೋದಳು. ಅವಳ ಅರ್ಜಿ ಮಾತ್ರ ಮೇಲೆ ಹೋಗುತ್ತಲೇ ಇತ್ತು. ಪಾಪ, ಆ ಹೆಣ್ಣುಮಗಳ ಮುಖ ನೋಡಲಾಗದೆ ನಾವು ಕಡತ ನೋಡುತ್ತಿದ್ದೆವು. ಅಷ್ಟರಲ್ಲಿ ಪುಂಡಲೀಕಪ್ಪ ತಾನೇ ಎದ್ದು ಕೂತು ರೊಟ್ಟಿ ಕೇಳಿದ.

ಹದಿಮೂರನೆಯ ದಿನ ಹುಚ್ಚವ್ವ ಈ ಖಬರ ಹೇಳಲು ಬಂದಳು. ಸಾಹೇಬರು ತಡಮಾಡದೆ ಪುಂಡಲೀಕಪ್ಪನ ಹೆಸರನ್ನು ಔಷಧದ ಫಲಾನುಭವಿಗಳ ಪಟ್ಟಿಗೆ ಸೇರಿಸಿ ಅವಳ ಹೆಬ್ಬೆಟ್ಟು ಪಡೆದರು. ಸುದ್ದಿ ಹಬ್ಬಿ, ಮುರಿದ ಕೀಲಿಕೈಯ ಮಾದರಿ ಕಳಿಸುವಂತೆ ಮುಂಡರಗಿಯಿಂದ, ಶಿರಹಟ್ಟಿಯಿಂದ ಪತ್ರಗಳು ಬಂದವು. ಅದೇ ಹೊತ್ತಿಗೆ ಕೀಲಿ ಒಡೆಯುವ ಮಂಜೂರಾತಿಯೂ ಬಂತು. ಕಳಕಪ್ಪ ಸುತ್ತಿಗೆ ಎತ್ತಿದ. ಹುಚ್ಚವ್ವ ಅವನ ಕೈ ಹಿಡಿದಳು.

"ಬ್ಯಾಡೋ ತಮ್ಮಾ. ಒಳಗ ಕುಂತ ಇಷ್ಟು ಗುಣಾ ಮಾಡೈತಿ, ಹೊರಗ್ಯಾಕ ತೆಗೀತಿ?"

ಸಾಹೇಬರು ಅದನ್ನೇ ಷರಾ ಬರೆದು, ಸಹಿ ಹಾಕಿದರು.