ಡಾಕ್ಟರು ಸಿಗದ ಪಕ್ಷದಲ್ಲಿ

ಶನಿವಾರ ಬೆಳಿಗ್ಗೆ ಮುದುಕ ವೈನೋ ಲೆಹ್ಟೋನೆನ್ ಔಷಧದಂಗಡಿಗೆ ಬಂದು ತನ್ನ ಮಾತ್ರೆ ಡಬ್ಬಿಯನ್ನು ಅಲ್ಲಾಡಿಸಿ ತೋರಿಸಿದ. ಒಳಗಿನಿಂದ ಒಂದು ಸದ್ದೂ ಬರಲಿಲ್ಲ. ಅಂಗಡಿಯ ಆರ್ಡಿಸ್ ಹೌಗ್ಲಂಡಳ ಕಿವಿಗೆ ಮಾತ್ರ ಮಂಗಳವಾದ್ಯ ಊದಿದಂತಾಯಿತು.

"ಮುಗ್ದೋಯ್ತು ತಾಯಿ. ಹಳೇ ಚೀಟಿದೂ ಅವಧಿ ಮುಗ್ದಿದೆ. ಡಾಕ್ಟ್ರು ಫೋನೇ ಎತ್ತುತಿಲ್ಲ."

"ನಿಜವಾಗ್ಲೂ ಎತ್ತುತಿಲ್ವಾ?" ಎಂದಳು ಆರ್ಡಿಸ್. ಆ ದನಿಯಲ್ಲಿ ಸಂತಾಪಕ್ಕಿಂತ ಸಂತೋಷವೇ ಹೆಚ್ಚಾಗಿತ್ತು.

ಅದಕ್ಕೆ ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ, ಇಂಥದೇ ಒಂದು ಶನಿವಾರ, ಅವಳಪ್ಪನ ಹೃದಯದ ಮಾತ್ರೆ ಮುಗಿದಿತ್ತು. ಡಾಕ್ಟರು ಊರಲ್ಲಿರಲಿಲ್ಲ. ಮಾತ್ರೆ ಅವಳ ಕೈಗೆಟಕುವ ಕಪಾಟಿನಲ್ಲೇ ಇತ್ತು, ಚೀಟಿಯಿಲ್ಲದೆ ಕೊಡಲು ಕಾನೂನು ಮಾತ್ರ ಇರಲಿಲ್ಲ. ಅಪ್ಪ ಆಸ್ಪತ್ರೆ ಸೇರಿ ಬದುಕಿ ಬಂದ. ಮಗಳು ಆ ಮೂರು ದಿನ ಅತ್ತದ್ದನ್ನು ಮರೆಯಲಿಲ್ಲ. ಆರು ಚಳಿಗಾಲ ಹಿಮದಲ್ಲಿ ಕಾರು ಓಡಿಸಿಕೊಂಡು ರಾಜಧಾನಿಗೆ ಅಲೆದಳು, ಶಾಸಕರ ಮುಂದೆ ಮಾತಾಡಿದಳು, ಕಾನೂನು ಮಾಡಿಸಿಯೇ ಬಿಟ್ಟಳು.

ಈಗ ಅದು ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿತ್ತು. ಒಟ್ಟು ಹನ್ನೊಂದು ಸಾಲು. ಡಾಕ್ಟರು ಸಿಗದ ಪಕ್ಷದಲ್ಲಿ, ಪರಿಚಿತ ರೋಗಿಗೆ, ಚೀಟಿಯಿಲ್ಲದೆಯೇ ಮೂರು ದಿನದ ಮಾತ್ರೆ. ಕೊನೆಯ ಸಾಲಂತೂ ಅವಳದೇ ಸ್ವಂತ ಕೊಡುಗೆ. ಅದನ್ನು ಕೇಳಿ ಶಾಸಕರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಆದರೆ ಹದಿನಾಲ್ಕು ತಿಂಗಳಾದರೂ ಆ ಕಾನೂನನ್ನು ಒಮ್ಮೆಯೂ ಬಳಸಲಾಗಿರಲಿಲ್ಲ. ಊರಿನ ಏಕೈಕ ಡಾಕ್ಟರ್ ಪೆಲ್ಕಿ ಸ್ನಾನದ ತೊಟ್ಟಿಯಲ್ಲಿದ್ದರೂ ಫೋನೆತ್ತುವ ಪುಣ್ಯಾತ್ಮ.

ಆರ್ಡಿಸ್ ಪ್ರಾಮಾಣಿಕವಾಗಿ ಮೂರು ಸಲ ಫೋನ್ ಮಾಡಿದಳು. ಮೂರು ಸಲವೂ, ಎತ್ತದಿರಲಪ್ಪಾ ಎಂದು ದೇವರಿಗೆ ಮೊರೆಯಿಟ್ಟಳು. ದೇವರು ಕೇಳಿಸಿಕೊಂಡ. ಅವಳು ಹೊಸ ರಿಜಿಸ್ಟರ್ ತೆಗೆದು, ಗವರ್ನರು ಆ ಕಾನೂನಿಗೆ ಸಹಿ ಹಾಕಿದ್ದ ಪೆನ್ನನ್ನು ಪೆಟ್ಟಿಗೆಯಿಂದ ಹೊರತೆಗೆದಳು. ಶಾಯಿ ಒಣಗಿಹೋಗಿತ್ತು.

"ಬಾಲ್‌ಪೆನ್ನಲ್ಲಿ ಗೀಚಿ ಕೊಟ್ಬಿಡೇ," ಎಂದ ವೈನೋ.

"ಸುಮ್ನಿರಿ ವೈನೋ, ಇದು ಇತಿಹಾಸ!" ಎನ್ನುತ್ತ ಅವಳು ಶಾಯಿ ಹುಡುಕತೊಡಗಿದಳು.

ಅಷ್ಟರಲ್ಲಿ ಪಕ್ಕದ ಅಂಚೆ ಕಚೇರಿಯ ಲವಾನ್ ಕಾಫಿ ಲೋಟದ ಸಮೇತ ಒಳಗೆ ಬಂದಳು. ಊರಿನವರ ಕಾಗದ ಒಡೆಯದೆಯೇ ಓದಬಲ್ಲ ಹೆಂಗಸು.

"ಏನು, ಡಾಕ್ಟ್ರು ಸಿಗ್ಲಿಲ್ವಾ? ನಮ್ಮೂರಲ್ಲಿ ಸಿಗದೇ ಇರೋರು ಯಾರಿದಾರೆ ಕಣೇ? ಹೆಪ್ಪುಗಟ್ಟಿದ ಕೆರೆ ಮೇಲೆ ತೂತು ಕೊರ್ದು ಮೀನು ಹಿಡೀತಾ ಕೂತಿರ್ತಾರೆ. ಒಂದ್ನಿಮಿಷ ತಡಿ!"

"ಬೇಡ ಕಣೇ ಲವಾನ್! ಪಾಪ, ನೆಮ್ಮದಿಯಾಗಿ ಮೀನು ಹಿಡೀಲಿ ಬಿಡು!"

"ಅಯ್ಯೋ, ಸಂಕೋಚ ಪಟ್ಕೋಬೇಡ ಕಣೇ!"

ಲವಾನ್ ಗಾಳಕ್ಕೆ ಎರೆಹುಳ ಮಾರುವ ಅಂಗಡಿಗೆ ಫೋನ್ ಮಾಡಿದಳು. ಅಲ್ಲಿಂದ ಸುದ್ದಿ ಚರ್ಚಿನ ಅಡುಗೆಮನೆಗೆ, ಅಲ್ಲಿಂದ ಊರಿನ ರೇಡಿಯೋಗೆ ಹೋಯಿತು. ಆರ್ಡಿಸ್ ಶಾಯಿ ಬಾಟಲಿ ಹುಡುಕಿ ಮುಚ್ಚಳ ತಿರುಚುವಷ್ಟರಲ್ಲಿ ಆರು ಹಿಮಬಂಡಿಗಳು ಹೆಪ್ಪುಗಟ್ಟಿದ ಸರೋವರದ ಮೇಲೆ ಗುರ್ರೆಂದು ಓಡುತ್ತಿದ್ದವು. ಯಾರೋ ಅಗ್ನಿಶಾಮಕ ಠಾಣೆಯ ಸೈರನ್ನನ್ನೂ ಒತ್ತಿದರು.

ಅವಳು ರಿಜಿಸ್ಟರಿನಲ್ಲಿ "ಒಂದು" ಎಂದು ಬರೆದಳು. ಬಾಗಿಲು ದಡಾರನೆ ತೆರೆಯಿತು.

"ಯಾರಿಗೇನಾಯ್ತು?" ಡಾಕ್ಟರ್ ಪೆಲ್ಕಿ ನಿಂತಿದ್ದರು. ಮೀಸೆಯಲ್ಲಿ ಮಂಜು, ಕೈಯಲ್ಲಿ ಗಾಳ, ಹಿಂದೆ ಊರಿಗೆ ಊರೇ. "ಗಾಳಿ ಸದ್ದಲ್ಲಿ ಫೋನು ಕೇಳಿಸಿರ್ಲಿಲ್ಲ. ಈಗ ಆ ಹಾಳು ಸೈರನ್ ಕೂಗಿದ ರಭಸಕ್ಕೆ ಅದೂ ಮಂಜುಗಡ್ಡೆಯ ತೂತಿಗೆ ಬಿದ್ದು ಕೆರೆ ಪಾಲಾಯ್ತು!"

ವೈನೋ ಖಾಲಿ ಡಬ್ಬಿ ತೋರಿಸಿದ. ಡಾಕ್ಟರು ಅಲ್ಲೇ ನಾಡಿ ಹಿಡಿದು, ಮೂರು ತಿಂಗಳಿಗೆ ಚೀಟಿ ಗೀಚಿದರು, ಅದೂ ಆರ್ಡಿಸಳ ಬಾಲ್‌ಪೆನ್ನಿನಲ್ಲಿ. ಅವಳು ಮಾತ್ರೆ ಎಣಿಸಿ ಕೊಟ್ಟಳು.

"ನೋಡಿದ್ಯಾ? ನಿನ್ನ ಕಾನೂನೂ ಬೇಕಾಗ್ಲಿಲ್ಲ!" ಎಂದಳು ಲವಾನ್. ಊರು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿತು. ಈ ವಿಜಯಕ್ಕೆ ಸರೋವರದ ಮೇಲೇ ಮೀನೂಟ ಆಗಬೇಕೆಂದು ತೀರ್ಮಾನವಾಗಿ, ವೈನೋನನ್ನೂ ಡಾಕ್ಟರನ್ನೂ ಕೂರಿಸಿಕೊಂಡು ಎಲ್ಲರೂ ಹೊರಟೇಹೋದರು. ಆರ್ಡಿಸ್ "ಒಂದು" ಎಂಬುದನ್ನು ಹೊಡೆದುಹಾಕಿದಳು. ಹೊಟ್ಟೆ ಉರಿಯಿತು, ನಿಜ. ಆದರೂ ಮುದುಕ ಮಾತ್ರೆಯಿಲ್ಲದೆ ಮನೆಗೆ ಹೋಗಲಿಲ್ಲವಲ್ಲ ಎಂದು ಎದೆ ಸ್ವಲ್ಪ ಉಬ್ಬಿತು ಕೂಡ.

ಮಧ್ಯಾಹ್ನದ ಊಟಕ್ಕೆ ಕೂತಾಗ ತಲೆ ಸಿಡಿಯುತ್ತಿತ್ತು. ಇಷ್ಟು ಗದ್ದಲದ ಮೇಲೆ ಬಿ.ಪಿ. ಏರದೆ ಇನ್ನೇನು? ಅವಳು ಕೈಚೀಲದಿಂದ ತನ್ನ ಡಬ್ಬಿ ತೆಗೆದು ಅಲ್ಲಾಡಿಸಿದಳು.

ಒಂದು ಸದ್ದೂ ಬರಲಿಲ್ಲ.

ಚೀಟಿಯ ಅವಧಿ ಮುಗಿದು ವಾರವಾಗಿತ್ತು. ಊರಿಗೆಲ್ಲ ಮಾತ್ರೆ ಎಣಿಸಿ ಕೊಡುವವಳು ತನ್ನದನ್ನು ಎಣಿಸಿರಲಿಲ್ಲ; ದೀಪದ ಬುಡದಲ್ಲಿ ಕತ್ತಲೆ. ಡಾಕ್ಟರಿಗೆ ಫೋನ್ ಮಾಡೋಣವೆಂದರೆ ಅವರ ಫೋನು ಮೀನುಗಳ ವಶದಲ್ಲಿತ್ತು. ಲವಾನಳೂ ಎತ್ತಲಿಲ್ಲ.

ನಿಧಾನವಾಗಿ ಆರ್ಡಿಸಳ ಮುಖ ಅರಳಿತು. ಡಾಕ್ಟರು ಸಿಗುತ್ತಿಲ್ಲ! ರೋಗಿ ಚೆನ್ನಾಗಿ ಪರಿಚಿತಳು! ದಾಖಲೆ ಕೈಯಲ್ಲೇ ಇದೆ! ಪೆನ್ನಿಗೆ ಶಾಯಿಯೂ ತುಂಬಿದೆ! ಅವಳು ಮುತ್ತಿನಂಥ ಅಕ್ಷರಗಳಲ್ಲಿ "ಒಂದು: ಆರ್ಡಿಸ್ ಹೌಗ್ಲಂಡ್" ಎಂದು ಬರೆದಳು. ಸೆಕ್ಷನ್ ನಂಬರು ನಕಲು ಮಾಡಲು ಗೋಡೆಯ ಚೌಕಟ್ಟಿನತ್ತ ತಲೆಯೆತ್ತಿದಳು. ಕಣ್ಣು ಹನ್ನೊಂದನೇ ಸಾಲಿನ ಮೇಲೆ ನಿಂತಿತು.

"ಔಷಧದಂಗಡಿಯವರು ಈ ಹಕ್ಕನ್ನು ಸ್ವಂತಕ್ಕೆ ಬಳಸಕೂಡದು."

"ಬೇಲಿಯೇ ಎದ್ದು ಹೊಲ ಮೇಯಬಾರದು ಸ್ವಾಮಿ" ಎಂದು ಅವತ್ತು ಶಾಸಕರ ಮುಂದೆ ಎಷ್ಟು ಗತ್ತಿನಿಂದ ಹೇಳಿದ್ದಳು! ಬೇಲಿಗೂ ಹಸಿವಾಗುತ್ತದೆಂದು ಆಗ ಹೊಳೆದಿರಲಿಲ್ಲ.

ಮಾತ್ರೆ ಕೈಗೆಟಕುವ ಕಪಾಟಿನಲ್ಲೇ ಇತ್ತು. ಅಂಗಡಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಆರ್ಡಿಸ್ ಅದನ್ನು ಮುಟ್ಟಲಿಲ್ಲ. ತಾನು ಮಾಡಿಸಿದ ಕಾನೂನನ್ನು ತಾನೇ ಮುರಿಯುವಷ್ಟು ಕೀಳಲ್ಲ ಅವಳು. ಹೆಸರು ಹೊಡೆದುಹಾಕಿ, ಕೋಟು ತೊಟ್ಟು, ತಲೆಯೆತ್ತಿಕೊಂಡು ಅಗ್ನಿಶಾಮಕ ಠಾಣೆಗೆ ನಡೆದಳು. ಈ ಊರಲ್ಲಿ ಸಿಗದೇ ಇರೋರು ಯಾರಿದಾರೆ ಎನ್ನುತ್ತ ಸೈರನ್ ಒತ್ತಿಯೇಬಿಟ್ಟಳು.

ಸರೋವರದ ಮೇಲೆ ಮೀನು ಹುರಿಯುತ್ತಿದ್ದ ಊರಿನವರು ಕಿವಿಗೊಟ್ಟರು. ತಮ್ಮ ವಿಜಯಕ್ಕೆ ಆರ್ಡಿಸ್ ಹಾಕಿದ ಜೈಕಾರವಿದು ಎಂದುಕೊಂಡು ಎಲ್ಲರೂ ಕೈಯೆತ್ತಿ ಕೇಕೆ ಹಾಕಿದರು. ಎಲ್ಲರಿಗಿಂತ ಜೋರಾಗಿ ಕೂಗಿದವರು ಡಾಕ್ಟರ್ ಪೆಲ್ಕಿ.